ಒಂದು ಗದ್ದದ ಸಲುವಾಗಿ ನಾಲ್ಕು ಊರು

ನಮ್ಮ ಬೀದಿಯಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದವರಿದ್ದಾರೆ, ಸಿಂಗಾಪುರಕ್ಕೆ ಹೋಗಿ ಬಂದವರಿದ್ದಾರೆ. ಹೋಗಿ ಬಂದವರೆಲ್ಲ ಕಾಫಿಗೆ ಕರೆದು ಆಲ್ಬಮ್ ತೋರಿಸುತ್ತಾರೆ. ನಾನು ‘ಹೌ ಲವ್ಲಿ’ ಎನ್ನುತ್ತೇನೆ, ಚಕ್ಕುಲಿ ತಿನ್ನುತ್ತೇನೆ. ನನ್ನ ಬಳಿ ಪಾಸ್‌ಪೋರ್ಟೇ ಇಲ್ಲ. ಆದರೂ ನಾನು ಪರದೇಶ ನೋಡಿದವಳೇ. ಮೈಸೂರಿನಲ್ಲಿ ಹುಟ್ಟಿ, ಅಲ್ಲಿಯ ಕಾನ್ವೆಂಟಿನಲ್ಲಿ ಓದಿ, ಅದೇ ಊರಿನ ಹುಡುಗಿಯರಿಗೆ ಜೀವಮಾನವೆಲ್ಲ ಇಂಗ್ಲಿಷ್ ಗ್ರಾಮರ್ ಕಲಿಸಿದವಳಿಗೆ ಧಾರವಾಡದ ಸ್ಟೇಷನ್ನಿನ ಆಚೆಗಿರುವುದೆಲ್ಲ ಅಬ್ರಾಡೇ. ಅಲ್ಲಿ ಮಾತಾಡುವುದು ಕನ್ನಡವೇ ಸರಿ. ಆದರೆ ಮೊದಲ ದಿನ ನನಗೆ ಸಬ್‌ಟೈಟಲ್ ಬೇಕಾಗಿತ್ತು.

ಹೋದದ್ದು ಒಂದು ಕತ್ತಿಗಾಗಿ. ಯುದ್ಧದ ಕತ್ತಿಯಲ್ಲ, ಕ್ಷೌರದ ಕತ್ತಿ. ಹಿಡಿಯೊಳಗೆ ಮಡಚಿಕೊಳ್ಳುವ, ಇಂಗ್ಲಿಷಿನವರು ಸ್ಟ್ರೇಟ್ ರೇಜರ್ ಎನ್ನುವಂಥದ್ದು.

ನಮ್ಮನೆಯವರು ಮೀಸೆ ಮೂಡಿದಂದಿನಿಂದ ತಮ್ಮ ತಂದೆಯ ಇಂಥದೊಂದು ಕತ್ತಿಯಿಂದಲೇ ಮುಖ ಬೋಳಿಸಿಕೊಂಡವರು. ಒಂದು ಬೆಳಿಗ್ಗೆ ಅದು ಸೋಪಿನ ಕೈಯಿಂದ ಜಾರಿ ಬಚ್ಚಲಿನ ಕಲ್ಲಿಗೆ ಬಿತ್ತು. ಅಲಗು ಹಾಲುಹಲ್ಲಿನಂತೆ ಮುರಿಯಿತು. ಅಂಗಡಿಯ ಸೇಫ್ಟಿ ರೇಜರ್ ತಂದುಕೊಟ್ಟೆ. ಎರಡು ಸಲ ಉಪಯೋಗಿಸಿ, “ಇದು ಶೇವಿಂಗ್ ಅಲ್ಲ ಕಣೇ, ಕ್ಯಾರೆಟ್ ಹೆರೆಯೋದು” ಎಂದು ಬಿಸಾಡಿದರು. ಗಡ್ಡ ಬೆಳೆಯಿತು. ಬಂದವರೆಲ್ಲ “ಋಷಿಗಳ ಹಾಗೆ ಕಾಣ್ತೀರಿ” ಎಂದು ಹೊಗಳಿದರು. ನನಗೆ ಋಷಿ ಬೇಕಾಗಿರಲಿಲ್ಲ.

ಅವರ ಗದ್ದದ ನಡುವೆ ಒಂದು ಗುಳಿಯಿದೆ. ಹೆಣ್ಣು ನೋಡುವ ಶಾಸ್ತ್ರದ ದಿನ, ಕಾನ್ವೆಂಟಿನ ಧೈರ್ಯವೆಲ್ಲ ಒಟ್ಟುಗೂಡಿಸಿದರೂ ನನ್ನ ಕಣ್ಣು ಏರಿದ್ದು ಗದ್ದದವರೆಗೆ ಮಾತ್ರ. ಮದುವೆಗೆ ಮೊದಲು ನಾನು ನೋಡಿದ್ದು ಆ ಗುಳಿಯೊಂದನ್ನೇ, ಒಪ್ಪಿದ್ದೂ ಅದನ್ನೇ. ಈಗ ಅದರ ಮೇಲೆ ಬಿಳಿ ಪೊದೆ. ಅದೇನು ಪ್ರಾಣ ಹೋಗುವ ವಿಷಯವೇ ಎಂದು ಕೇಳಬಹುದು. ಈ ವಯಸ್ಸಿನಲ್ಲಿ ಬೆಳಿಗ್ಗೆ ಎದ್ದರೆ ನೋಡಲು ಇನ್ನೇನಿರುತ್ತದೆ, ನೀವೇ ಹೇಳಿ.

“ಹಳೆಯದೊಂದು ಕತ್ತಿ ಹುಡುಕಿ ತಂದು ನಾನೇ ರಿಪೇರಿ ಮಾಡ್ತೀನಿ” ಎಂದೆ. ಅವರು ಗಡ್ಡದೊಳಗೇ ನಕ್ಕರು. ನಗಲಿ. ಲೈಬ್ರರಿಯಿಂದ ತಂದ ಕೈಕೆಲಸದ ಪುಸ್ತಕವೊಂದನ್ನು ಓದಿದ್ದೆ. ಮೇಲಾಗಿ ಶಾಲೆಯ ದಿನಗಳಲ್ಲಿ ಚಾಪೆಲಿನ ಕ್ಯಾಂಡಲ್‌ಸ್ಟಿಕ್ಕುಗಳನ್ನೆಲ್ಲ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದವಳು ನಾನು. ಆದರೆ ಮೈಸೂರಿನಲ್ಲಿ ಹಳೆಯ ಕತ್ತಿಗಳು ಆಗಲೇ ಗುಜರಿಯವರ ಪಾಲಾಗಿದ್ದವು. ರಕ್ತದಿಂದ ಹರಡುವ ಆ ಹೊಸ ಕಾಯಿಲೆಯ ಭಯಕ್ಕೆ ಕ್ಷೌರಿಕರೆಲ್ಲ ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಗೆ ಬದಲಾಗಿದ್ದ ಕಾಲ ಅದು. ಹೊಸ ಶತಮಾನ ಆಗಷ್ಟೇ ಕಣ್ಣು ಬಿಟ್ಟಿತ್ತು.

ಆಗ ನನ್ನ ಕಾನ್ವೆಂಟ್ ಹಾಸ್ಟೆಲಿನ ಗೆಳತಿ ನೀಲಾ ಫೋನ್ ಮಾಡಿದಳು. ಬೈಲಹೊಂಗಲದ ಹತ್ತಿ ವ್ಯಾಪಾರಿಗಳ ಮನೆಯವಳು. “ನಮ್ಮ ಕಡೆ ಮಂದಿ ಹಳೇ ಸಾಮಾನು ಒಗಿಯಂಗಿಲ್ಲ, ಡಬ್ಬಿಯೊಳಗ ಹಾಕಿ ಮರೀತಾರ. ಬಾ ನೀ” ಎಂದಳು. ಸಂಕ್ರಾಂತಿ ಮುಗಿಸಿ ಹೊರಟೆ.

ಬೈಲಹೊಂಗಲ

ಧಾರವಾಡದ ಸ್ಟೇಷನ್ನಿಗೆ ನೀಲಾ ಕಾರು ತಂದಿದ್ದಳು. ಹಳೆಯ ಅಂಬಾಸಿಡರ್, ಅದಕ್ಕಿಂತ ಹಳೆಯ ಡ್ರೈವರ್ ದಸ್ತಗೀರ್ ಸಾಹೇಬರು. ಬಾಯಿಗೂ ಬ್ರೇಕಿಲ್ಲ, ಕಾರಿಗೂ ಅಷ್ಟಕ್ಕಷ್ಟೇ. ದಾರಿಯ ಎರಡೂ ಕಡೆ ಕಪ್ಪು ನೆಲ, ಬಿಳಿಜೋಳ, ನಡುವೆ ಕುಸುಬೆಯ ಹಳದಿ ಸಾಲು. ಕಣ್ಣಿಗೆ ಅಡ್ಡ ಬರಲು ಒಂದು ಗುಡ್ಡವಿಲ್ಲ. ನಮ್ಮ ಚಾಮುಂಡಿ ಬೆಟ್ಟವನ್ನು ಗಡಿಯಾರದ ಹಾಗೆ ನೋಡಿ ಬೆಳೆದವಳಿಗೆ ಅಷ್ಟೊಂದು ಆಕಾಶ ಕಂಡು ಸೆರಗು ಸರಿಮಾಡಿಕೊಳ್ಳುವಂತಾಯಿತು.

ಊರು ಮುಟ್ಟಿದ್ದು ಸೋಮವಾರ. ಬೇಕೆಂದೇ ಆ ದಿನ ಆರಿಸಿದ್ದೆ. ಮೈಸೂರಿನಲ್ಲಿ ಕ್ಷೌರದಂಗಡಿಗಳಿಗೆ ಮಂಗಳವಾರ ರಜೆ. ಮುಖ ತೊಳೆದವಳೇ, “ನೀಲಾ, ಇವತ್ತೇ ಹೋಗೋಣ. ನಾಳೆ ಎಲ್ಲಾ ಕ್ಲೋಸ್ಡ್” ಎಂದೆ.

“ಏ ಹುಚ್ಚಿ, ಇವತ್ತ ಕ್ಲೋಸ್ಡ್!” ನೀಲಾ ಸೊಂಟದ ಮೇಲೆ ಕೈಯಿಟ್ಟಳು. “ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ, ಗಂಡಸರ ಗಲ್ಲಕ್ಕ ಕತ್ತಿ ಇಡಂಗಿಲ್ಲ.”

“ಮತ್ತೆ ಮಂಗಳವಾರ?”

“ಮಂಗಳವಾರ ಅಂಗಡಿ ತುಂಬ ಮಂದಿ.”

ದೇಶ ಬದಲಾದರೆ ದೇವರ ವಾರವೂ ಬದಲಾಗುತ್ತದೆ ಎಂದು ಯಾವ ಗೈಡ್‌ಬುಕ್ಕೂ ಹೇಳಿರಲಿಲ್ಲ. ಆ ದಿನವೆಲ್ಲ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಯ ಮುಂದೆ ಕಳೆಯಿತು. ಅವಳಿಗೆಂದು ತಂದಿದ್ದ ಮೈಸೂರುಪಾಕಿನ ಪೊಟ್ಟಣದ ದಾರ ಕತ್ತರಿಸಲು ಕತ್ತರಿ ಕೇಳಿದೆ. ನೀಲಾ ಅದನ್ನು ನನ್ನ ಪಕ್ಕದಲ್ಲಿ ಮಂಚದ ಮೇಲೆ ಒಗೆದಳು. ಹಾಸ್ಟೆಲಿನಲ್ಲೂ ಹೀಗೇ ಒಗೆಯುತ್ತಿದ್ದಳು. ‘ಗರ್ಲ್ಸ್, ಹ್ಯಾಂಡಲ್ ಫಸ್ಟ್!’ ಎಂದು ಸಿಸ್ಟರ್ ಎಷ್ಟು ಬಡಿದುಕೊಂಡರೂ ಕತ್ತರಿಯನ್ನಾಗಲಿ ಚಾಕುವನ್ನಾಗಲಿ ಹಿಡಿಯನ್ನು ಮುಂದೆ ಮಾಡಿ ಕೈಗೆ ಕೊಡುವುದನ್ನು ಕಲಿಯಲಿಲ್ಲ. ಮುದುಕಿಯಾದರೂ ಕಲಿತಿಲ್ಲವಲ್ಲ ಎಂದುಕೊಂಡು ನಕ್ಕು ದಾರ ಕತ್ತರಿಸಿದೆ.

ಮರುದಿನ ಪೇಟೆಯ ಸಲೂನಿಗೆ ಇಬ್ಬರೂ ಹೋದೆವು. ಹೆಂಗಸರು ಹೊಸ್ತಿಲು ದಾಟಿದ್ದೇ ತಡ, ಒಳಗಿದ್ದ ರಾಜಕಾರಣವೆಲ್ಲ ನಿಂತಿತು. ಅಂಗಡಿಯವ ನನ್ನ ಬೇಡಿಕೆ ಕೇಳಿ, ಬೆಂಚಿನ ಕೆಳಗಿನಿಂದ ಬಿಸ್ಕತ್ತಿನ ತಗಡಿನ ಡಬ್ಬಿ ಎಳೆದು ನೆಲಕ್ಕೆ ಸುರಿದ. ಕತ್ತಿಗಳು! ಕಂದು, ಕಪ್ಪು, ಹಿಡಿ ಮುರಿದವು, ಬೆನ್ನು ಬಾಗಿದವು.

ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡಿದ್ದ ಗೃಹಸ್ಥರು ತಿರುಗಿ ಕೇಳಿದರು, “ಇದನ್ನ ಒಯ್ದು ಏನ್ ಮಾಡತೀರಿ ಅಕ್ಕಾರ?”

“ಇವರ ಯಜಮಾನರ ಗಡ್ಡಾ ತಗಿಯಾಕ್ರಿ” ಎಂದಳು ನೀಲಾ.

“ಶಿವನ! ಗಂಡನ ಗಡ್ಡದ ಸಲುವಾಗಿ ಮೈಸೂರಿಂದ ಬಂದಾರ! ನಮ್ಮನ್ಯಾಕಿ ಒಂದು ತಂಬಿಗಿ ಬಿಸಿನೀರು ಕಾಸಿ ಕೊಡವಲ್ಲಳು.”

“ನೀವೂ ಒಂದು ಗುಳಿ ತೋಡಿಸ್ಕೋರಿ ಗದ್ದದಾಗ, ಆಮ್ಯಾಲ ನೋಡ್ರಿ” ಎಂದಳು ನೀಲಾ. ಅಂಗಡಿಯೆಲ್ಲ ನಕ್ಕಿತು. ಗುಟ್ಟನ್ನು ಅವಳಿಗೆ ಹೇಳಿದ್ದೇ ತಪ್ಪಾಯಿತು.

ನಾನು ಬಿಗಿನರ್ ಎನ್ನುವುದಕ್ಕೆ ಪುರಾವೆ ಬೇಕಿದ್ದರೆ ಕೇಳಿ: ಆ ರಾಶಿಯಲ್ಲಿ ಎಲ್ಲಕ್ಕಿಂತ ಹೊಳೆಯುತ್ತಿದ್ದ, ದಂತದ ಬಣ್ಣದ ಹಿಡಿಯ ಕತ್ತಿಯನ್ನೇ ಎತ್ತಿಕೊಂಡೆ. ಮನೆಗೆ ತಂದು ಪುಸ್ತಕದ ಚಿತ್ರದ ಪಕ್ಕ ಇಟ್ಟಾಗ ಗೊತ್ತಾಯಿತು. ಮಸೆದು ಮಸೆದು ಅದರ ಅಲಗು ಪೆನ್ಸಿಲಿನಷ್ಟು ಸವೆದಿತ್ತು. ಬಾಯಿ ನೇರವಿರಬೇಕು, ಇಲ್ಲವೇ ಸ್ವಲ್ಪ ಹೊರಗೆ ಬಾಗಿ ನಗುವಂತಿರಬೇಕಂತೆ. ಇದು ಒಳಗೆ ಬಾಗಿತ್ತು. ಅಂಥದ್ದಕ್ಕೆ ‘ಫ್ರೌನ್’ ಎನ್ನುತ್ತಾರೆ.

“ಮದರ್ ಸುಪೀರಿಯರ್!” ಎಂದಳು ನೀಲಾ, ಕತ್ತಿಯ ಸಿಡುಕು ಬಾಯಿ ನೋಡಿ.

ಇಬ್ಬರೂ ಹದಿನಾಲ್ಕರ ಹುಡುಗಿಯರ ಹಾಗೆ ನಕ್ಕೆವು. ಒಳಗೊಳಗೇ ನನಗೆ ಅಳು ಬಂದಿತ್ತು.

ಕಿತ್ತೂರು

ಸಂಪಗಾಂವದ ಮೇಲೆ ಹಾದು ಕಿತ್ತೂರಿಗೆ ಹೋದೆವು. ಕೋಟೆಯೊಳಗಿನ ಅರಮನೆಗೆ ಈಗ ಸೂರಿಲ್ಲ; ಗೋಡೆಗಳು ಮಾತ್ರ ಯಾರಿಗೋ ಕಾದು ನಿಂತಂತಿವೆ. ಸ್ನಾನದ ಮನೆಯ ಕುರುಹಿದೆ, ನೀರು ಹರಿಸಿದ ಕೊಳವೆಯ ಗುರುತಿದೆ. ಇಲ್ಲಿಯೂ ಗಂಡಸರು ಬೆಳಿಗ್ಗೆ ಎದ್ದು ಗಲ್ಲ ಸವರಿಕೊಂಡಿರಬೇಕು, ಹೆಂಡತಿಯರು ಬಾಗಿಲ ಸಂದಿಯಿಂದ ನೋಡಿರಬೇಕು. ಇತಿಹಾಸದ ಪಾಠದಲ್ಲಿ ಯುದ್ಧದ ಕತ್ತಿಗಳ ಸುದ್ದಿ ಬರುತ್ತದೆ. ದಿನಬೆಳಗಾದರೆ ಬೇಕಾಗುತ್ತಿದ್ದ ಈ ಪುಟ್ಟ ಕತ್ತಿಗಳು ಎಲ್ಲಿ ಹೋದವೋ.

ಹಾಗೆಂದುಕೊಂಡು ಹೊರಗೆ ಬಂದರೆ, ಚಹಾದಂಗಡಿಯ ಬಳಿ ಹಳೆಯ ಹಿತ್ತಾಳೆ ಸಾಮಾನು ಹರಡಿಕೊಂಡು ಕುಳಿತಿದ್ದವನೊಬ್ಬ ನಮ್ಮ ಹುಡುಕಾಟದ ವಾಸನೆ ಹಿಡಿದ. ದಸ್ತಗೀರ್ ಸಾಹೇಬರು ಎಲ್ಲರಿಗೂ ಹೇಳಿಟ್ಟಿದ್ದರೆನ್ನಿ.

“ಬರ್ರಿ ಬಾಯಾರ, ರಾಣಿ ಕಾಲದ ಕತ್ತಿ ಐತಿ. ಅರಮನಿಯೊಳಗಿಂದು. ಮ್ಯೂಸಿಯಮ್ಮಿನವರು ಕಾಲಿಗೆ ಬಿದ್ದು ಕೇಳ್ಯಾರ, ಕೊಟ್ಟಿಲ್ಲ.”

ರೇಷ್ಮೆ ಬಟ್ಟೆಯಿಂದ ಕತ್ತಿ ಹೊರಬಂತು. ಉಗುರಿನಿಂದ ಅಲಗನ್ನು ಮೀಟಿದೆ. ಒಳ್ಳೆಯ ಉಕ್ಕು ಗಂಟೆಯಂತೆ ನುಡಿಯಬೇಕೆಂದು ಪುಸ್ತಕ ಹೇಳಿತ್ತು. ಇದು ‘ಟಪ್’ ಎಂದಿತು. ಕನ್ನಡಕ ಏರಿಸಿ ಅಲಗಿನ ಬುಡ ನೋಡಿದೆ. ಪುಟ್ಟ ಅಕ್ಷರ. ಕ್ಲಾಸಿನಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದೆ: “ಸ್ಟೇನ್‌ಲೆಸ್.”

ಆತನ ಮುಖ ಒಂದಿಷ್ಟೂ ಬಾಡಲಿಲ್ಲ. “ಓದಾಕ ಬರತೈತೇನ್ರಿ ನಿಮಗ? ಮೊದಲ ಹೇಳಬಾರದ?” ಎಂದು ಕತ್ತಿ ಸುತ್ತಿಟ್ಟು, ನಮ್ಮೆಲ್ಲರಿಗೂ ಚಹಾ ಹೇಳಿದ. ಇಂಥ ಸುಳ್ಳನ್ನು ಕ್ಷಮಿಸದೆ ಇರುವುದು ಹೇಗೆ? ಬೈಲಹೊಂಗಲದಲ್ಲಿ ಹೊಳಪಿಗೆ ಮರುಳಾದವಳು ಕಿತ್ತೂರಿನಲ್ಲಿ ಮರುಳಾಗಲಿಲ್ಲ. ಅಷ್ಟು ಪ್ರೋಗ್ರೆಸ್ ಸಾಕೆಂದು ಚಹಾ ಕುಡಿದೆ.

ಸವದತ್ತಿ

ಸವದತ್ತಿಯ ಪೇಟೆಯಲ್ಲಿ ಈರಪ್ಪನವರ ಅಂಗಡಿ. ಐವತ್ತು ದಾಟಿದ ಮನುಷ್ಯ, ಬಾಯಿ ತುಂಬ ಮಾತು. “ನನ್ನ ಕಡೆ ಒಂದು ವಿಲಾಯತಿ ಮಾಲ್ ಐತ್ರಿ” ಎನ್ನುತ್ತಾ ದೇವರ ಫೋಟೋದ ಹಿಂದಿನಿಂದ ಕತ್ತಿ ತೆಗೆದು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟರು. ಎತ್ತಿಕೊಂಡು ಮೀಟಿದೆ. ಚಾಪೆಲಿನ ಗಂಟೆ! ದೊಡ್ಡ ಅಲಗು, ನಗುವ ಬಾಯಿ. ಕನ್ನಡಕದ ಕೆಳಗೆ ಹಿಡಿದು ತಿರುಗಿಸಿದಾಗ ಮಾತ್ರ ಕಂಡಿತು: ಅಲಗಿನ ಉದ್ದಕ್ಕೂ, ಬಾಯಿಯ ಅಂಚಿನವರೆಗೂ, ಸಿಡುಬಿನ ಕಲೆಯಂತೆ ತುಕ್ಕಿನ ಗುಳಿಗಳು. ಮೇಲಿನ ತುಕ್ಕನ್ನು ತೆಗೆಯಬಹುದು. ಬಾಯಿಯನ್ನೇ ತಿಂದ ತುಕ್ಕಿಗೆ ಮದ್ದಿಲ್ಲ.

“ನೀರಲ್ಲಿ ಬಿದ್ದಿತ್ತಾ?” ಎಂದೆ.

“ನೀರಾಗ ಯಾಕ ಬೀಳತೈತ್ರಿ? ವರ್ಷಾ ಮಹಾನವಮಿಗೆ ಪೂಜಿ ಮಾಡೇವಿ. ಹಸಿ ಅರಿಷಿಣ, ಕುಂಕುಮ, ವಿಭೂತಿ ಗಟ್ಟಿ ಹಚ್ಚಿ, ಹೂವು ಇಟ್ಟು ಮ್ಯಾಲ ಎತ್ತಿಟ್ರ ಮುಂದಿನ ಮಹಾನವಮಿಗೇ ತಗಿಯೂದು.” ಹೇಳುತ್ತಾ ಹೇಳುತ್ತಾ ಅವರಿಗೇ ಅರ್ಥವಾಯಿತು. ತಲೆ ಕೆರೆದುಕೊಂಡರು. “ಅಂದ್ರ ಪೂಜಿ ಮಾಡೀ ಮಾಡೀನ ಕೊಂದೇವಿ ಅನ್ರಿ.”

“ನಾವು ದೊಡ್ಡವರನ್ನೆಲ್ಲ ಹಂಗ ಮಾಡೂದು” ಎಂದರು ದಸ್ತಗೀರ್ ಸಾಹೇಬರು ಬಾಗಿಲಿನಿಂದ.

ನನ್ನ ಮುಖ ನೋಡಿ ಈರಪ್ಪನವರಿಗೆ ಕರುಣೆ ಬಂದಿರಬೇಕು. “ರಾಮದುರ್ಗಕ್ಕ ಹೋಗ್ರಿ. ಅಲ್ಲಿ ನಮ್ಮ ಸೋದರಮಾವ ಫಕೀರಪ್ಪ ಅದಾನ. ಅವರಪ್ಪ ಸಂಸ್ಥಾನದ ಕಾಲಕ್ಕ ಅರಸರ ವಾಡೇದಾಗ ಕ್ಷೌರ ಮಾಡತಿದ್ದಾ. ಆ ಕತ್ತಿ ಇನ್ನೂ ಐತಿ.”

“ಅವರು ಪೂಜೆ ಮಾಡಿಲ್ಲವೇ?”

“ಮಾಡತಾನ್ರಿ. ಆದ್ರ ಅರಿಷಿಣ ಚೀಲಕ್ಕ ಹಚ್ಚತಾನ, ಕತ್ತಿಗೆ ಔಡಲೆಣ್ಣಿ ಹಚ್ಚತಾನ. ಊರ ಮಂದಿ ಅವಗ ನಾಸ್ತಿಕ ಅಂತಾರ.”

ಆ ನಾಸ್ತಿಕನ ಮೇಲೆ ನನಗೆ ಕಾಣುವ ಮೊದಲೇ ಭಕ್ತಿ ಹುಟ್ಟಿತು.

ರಾಮದುರ್ಗ

ಮಲಪ್ರಭೆಯ ಸೇತುವೆ ದಾಟಿ ಊರು ಹೊಕ್ಕೆವು. ಫಕೀರಪ್ಪನವರ ಓಣಿಗೆ ಕಾರು ಹೋಗುವಂತಿರಲಿಲ್ಲ. ನೀಲಾಳ ಮೊಣಕಾಲು ಮುಷ್ಕರ ಹೂಡಿತ್ತು. “ನೀನ ಹೋಗಿ ಬಾ” ಎಂದು ಹಿಂದಿನ ಸೀಟಿನಲ್ಲಿ ಕಾಲು ಚಾಚಿದಳು. ಒಬ್ಬಳೇ ಹೋದೆ.

ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೇ ಫಕೀರಪ್ಪ. ಬಿಳಿ ರುಮಾಲು, ನುಣ್ಣಗೆ ಬೋಳಿಸಿದ ಮುಖ. ಈರಪ್ಪನವರ ಹೆಸರು ಹೇಳಿ, ಬಂದ ಕಾರಣ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಗಡ್ಡಾ ಯಾರದು?”

ಏನಾಯಿತೋ, ಪರದೇಶದಲ್ಲಿ ಅಪರಿಚಿತರ ಮುಂದೆ ಬಾಯಿ ಬಿಚ್ಚಿಕೊಳ್ಳುತ್ತದೆ. ಹೆಣ್ಣು ನೋಡುವ ಶಾಸ್ತ್ರ, ಗುಳಿ, ಬಚ್ಚಲಿನ ಕಲ್ಲು, ಬಿಳಿ ಪೊದೆ, ಎಲ್ಲ ಹೇಳಿಬಿಟ್ಟೆ. ಕೇಳುತ್ತಾ ಕೇಳುತ್ತಾ ಅವರು ಎಲೆ ಮಡಚಿ, ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡರು. ಎದ್ದು ಒಳಗೆ ಹೋಗಿ ಎಣ್ಣೆಗಂದು ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದರು.

ಕೋಡಿನ ಹಿಡಿಯನ್ನು ಹುಳು ತಿಂದಿತ್ತು. ಬೆನ್ನಿನ ಮೇಲೆ ನಾಲ್ಕಾರು ತುಕ್ಕಿನ ಚುಕ್ಕೆ. ಅಷ್ಟೇ. ಅಲಗು ಅಗಲವಾಗಿ, ಮೋಡದ ಬಣ್ಣದಲ್ಲಿ, ಎಳ್ಳಷ್ಟೂ ಸವೆಯದೆ ಇತ್ತು. ಬಾಯಿ ನಗುತ್ತಿತ್ತು. ಅವರು ಉಗುರಿನಿಂದ ಮೀಟಿದರು. ಆ ನಾದ ಓಣಿಯ ಕೊನೆಯವರೆಗೂ ಹೋಗಿ ಬಂತೆಂದು ನನ್ನ ಕಿವಿ ಇಂದಿಗೂ ಸಾಕ್ಷಿ ಹೇಳುತ್ತದೆ.

ಪ್ರೈಜ್ ತೆಗೆದುಕೊಳ್ಳುವ ಹುಡುಗಿಯಂತೆ ಎರಡೂ ಕೈ ಚಾಚಿದೆ. ಅವರು ನನ್ನ ಕೈ ನೋಡಿದರು. ಕತ್ತಿ ಮಡಚಿದರು. ನಮ್ಮಿಬ್ಬರ ನಡುವೆ ಕಟ್ಟೆಯ ಮೇಲೆ ಇಟ್ಟರು. ‘ಮೇ ಐ?’ ಎನ್ನುವಂತೆ ಮತ್ತೆ ಕೈ ಮುಂದೆ ಮಾಡಿದೆ. ಬಾಯಿ ತುಂಬ ಎಲೆಯಿದ್ದುದರಿಂದ ಅವರು ಮಾತಾಡಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು, ಗದ್ದ ಎತ್ತಿ ಓಣಿಯ ಕಡೆ ಸನ್ನೆ ಮಾಡಿದರು.

ತೋರಿಸುತ್ತೇನೆ, ಕೊಡುವುದಿಲ್ಲ, ಇನ್ನು ಹೊರಡಿ. ನನಗೆ ಅರ್ಥವಾದದ್ದು ಹಾಗೆ. ಅಪ್ಪನ ಕತ್ತಿ, ಕೊಡದಿರುವುದು ಅವರ ಹಕ್ಕು. ಮೇಲೆ ಬಿದ್ದು ಬೇಡುವುದು ಬ್ಯಾಡ್ ಮ್ಯಾನರ್ಸ್. ಕೈ ಮುಗಿದು, ತಲೆ ಎತ್ತಿಕೊಂಡೇ ಓಣಿ ದಾಟಿದೆ. ಕಾರಿನಲ್ಲಿ ಕುಳಿತ ಮೇಲೆ ತಲೆ ತಾನಾಗಿ ಬಾಗಿತು. ಈ ಜನ್ಮಕ್ಕೆ ಋಷಿಯೇ ಗತಿ.

ಸೇತುವೆ ಅರ್ಧ ದಾಟಿರಬೇಕು. “ಸಿಕ್ಕಿತೇನ್ರಿ ಬಾಯಾರ?” ಎಂದರು ದಸ್ತಗೀರ್ ಸಾಹೇಬರು.

“ಇಲ್ಲ. ಕೈಗೆ ಕೊಡಲಿಲ್ಲ. ಕಟ್ಟೆ ಮೇಲೆ ಇಟ್ಟುಬಿಟ್ಟರು.”

ಆ ಅಂಬಾಸಿಡರಿಗೆ ಬ್ರೇಕ್ ಇದೆಯೆಂದು ಆಗ ತಿಳಿಯಿತು. “ಯಾ ಅಲ್ಲಾ! ಕಟ್ಟಿಮ್ಯಾಲ ಇಟ್ರ ಕೊಟ್ಟಂಗಲ್ಲೇನ್ರಿ! ಕಬ್ಬಿಣಾ ಯಾರರ ಕೈಯಾಗ ಕೊಡತಾರ? ಕೈಯಾಗ ಕೊಟ್ರ ಜಗಳ ಬೀಳತೈತಿ. ನಮ್ಮ ಮನ್ಯಾಗ ಅಡಕತ್ತರಿ ಸೈತ ನೆಲಕ್ಕಿಟ್ಟ ಕೊಡತೇವಿ.”

ಹಿಂದೆ ನಿದ್ದೆ ಮಾಡುತ್ತಿದ್ದ ನೀಲಾ ಎದ್ದು ಕುಳಿತಳು. “ಹಾಸ್ಟೆಲಿನಾಗ ಕತ್ತರಿ ನಾ ಹಾಸಿಗಿಮ್ಯಾಲ ಯಾಕ ಒಗಿತಿದ್ದೆ ಅಂತ ತಿಳ್ಕೊಂಡಿದ್ದಿ? ನಿನ್ನ ಕೂಡ ಜಗಳ ಆಗಬಾರದು ಅಂತ! ನೀ ಅದಕ್ಕ ಸಿಟ್ಟಾಗತಿದ್ದಿ, ಹುಚ್ಚಿ.”

ಇಷ್ಟು ವರ್ಷ ನಾನು ಒರಟುತನ ಎಂದುಕೊಂಡದ್ದು ಅವಳ ಪ್ರೀತಿಯಾಗಿತ್ತು. ನಮ್ಮ ಮನೆಯಲ್ಲೂ ಅಜ್ಜಿ ಉಪ್ಪನ್ನು ಕೈಗೆ ಕೊಡುತ್ತಿರಲಿಲ್ಲ ಎನ್ನುವುದು ಆಗ ನೆನಪಾಯಿತು. ಹ್ಯಾಂಡಲ್ ಫಸ್ಟ್ ಕಲಿತವಳು ಅದನ್ನು ಮರೆತಿದ್ದೆ. ಆದರೆ ಯೋಚಿಸುತ್ತ ಕೂರಲು ಟೈಮ್ ಇರಲಿಲ್ಲ. “ರಿವರ್ಸ್!” ಎಂದೆ.

ಈ ಸಲ ನೀಲಾಳ ಮೊಣಕಾಲೂ ಮುಷ್ಕರ ಹಿಂತೆಗೆದುಕೊಂಡು ಓಣಿಯಲ್ಲಿ ನನ್ನ ಹಿಂದೆಯೇ ಬಂತು. ಫಕೀರಪ್ಪನವರು ಅಲ್ಲೇ ಇದ್ದರು. ಕತ್ತಿಯೂ ಇಟ್ಟಲ್ಲೇ ಇತ್ತು. ಎಣ್ಣೆಬಟ್ಟೆಯ ಮೇಲೆ ಕಣ್ಣಿಟ್ಟಿದ್ದ ಒಂದು ಆಡನ್ನು ಅವರು ಕೋಲಿನಿಂದ ದೂರ ತಳ್ಳುತ್ತಿದ್ದರು. ಬಾಯಿ ಈಗ ಖಾಲಿಯಾಗಿತ್ತು.

“ಬಂದ್ರಿ? ಲಗೂನ ತಗೋರಿ ಯವ್ವಾ. ಬೆಳಕಿನಾಗ ಹಿಡದು ನೋಡ್ರಿ ಅಂತ ಸನ್ನಿ ಮಾಡಿದ್ರ ನಮಸ್ಕಾರ ಮಾಡಿ ಹೋಗೇ ಬಿಟ್ರಿ. ಈ ಆಡು ಕಾದು ಕಾದು ನನಗ ಸಾಕಾತು.”

“ನೀವು ಒಳಗೆ ತೆಗೆದಿಡಬಹುದಿತ್ತಲ್ಲ?”

“ನಾ ಹೆಂಗ ಮುಟ್ಟಲಿ? ಇಟ್ಟಮ್ಯಾಲ ಅದು ನಿಮ್ಮದು.”

ಬಾಗಿ ಎತ್ತಿಕೊಂಡೆ. ಅಷ್ಟು ಹಗುರವಾದದ್ದು ಅಷ್ಟು ಭಾರವಾಗಿರಲು ಹೇಗೆ ಸಾಧ್ಯವೋ. ಪರ್ಸಿಗೆ ಕೈ ಹಾಕಿದ್ದನ್ನು ಕಂಡು ಅವರು ಆಡಿಗೆ ತೋರಿಸಿದ ಕೋಲನ್ನೇ ನನಗೂ ತೋರಿಸಿದರು. “ಅದೆಲ್ಲ ಬ್ಯಾಡ. ಆ ಗುಳಿ ಕಂಡ ದಿನ ಹೇಳಿ ಕಳಸ್ರಿ, ಅಷ್ಟ.”

ಮೈಸೂರು

ಊರಿಗೆ ಬಂದು ಮೊದಲು ಕೈಹಾಕಿದ್ದು ಮದರ್ ಸುಪೀರಿಯರಿಗೆ. ಬೈಲಹೊಂಗಲದ ಆ ಸಿಡುಕು ಕತ್ತಿಯ ಮೇಲೆ ಎಲ್ಲ ತಪ್ಪುಗಳನ್ನೂ ಮಾಡಿ ಮುಗಿಸಿದೆ: ಅಡ್ಡ ತಿಕ್ಕಿದೆ, ಒತ್ತಿ ಮಸೆದೆ, ತೊಗಲಿನ ಪಟ್ಟಿಗೆ ಉಜ್ಜಲು ಹೋಗಿ ಪಟ್ಟಿಯನ್ನೇ ಕೊಯ್ದೆ. ಹೀಗೆ ಆ ಕೆಟ್ಟ ಖರೀದಿಯೂ ಗುರುವಾಯಿತು. ಆಮೇಲೆ ರಾಮದುರ್ಗದ ಕತ್ತಿಯನ್ನು ತೆಗೆದೆ. ಕ್ಯಾಂಡಲ್‌ಸ್ಟಿಕ್ಕಿನ ಪಾಠದಂತೆ ಒಂದೇ ದಿಕ್ಕಿಗೆ, ಎಣ್ಣೆ ಹಚ್ಚಿ, ಅವಸರಿಸದೆ ತಿಕ್ಕಿದೆ. ಚುಕ್ಕೆಗಳು ಒಂದೊಂದಾಗಿ ಹೊರಟುಹೋದವು. ಹುಳು ತಿಂದ ಹಿಡಿಗೆ ಬದಲಾಗಿ ನನ್ನ ಬೀಟೆ ಮರದ ಫುಟ್‌ರೂಲನ್ನು ಬಡಗಿಯಿಂದ ಉದ್ದಕ್ಕೆ ಸೀಳಿಸಿ ಎರಡು ಪಟ್ಟಿ ಮಾಡಿಸಿದೆ. ಎಷ್ಟೋ ಹುಡುಗಿಯರಿಗೆ ಅದನ್ನು ತೋರಿಸಿ ಹೆದರಿಸಿದ್ದೆ, ಹೊಡೆದಿರಲಿಲ್ಲ. ಒಂದು ಪಟ್ಟಿಯ ಮೇಲೆ ಇಂಚಿನ ಗೆರೆಗಳು ಇನ್ನೂ ಇವೆ.

ಕೊನೆಗೊಂದು ಬೆಳಿಗ್ಗೆ ನನ್ನ ತಲೆಯ ಬಿಳಿ ಕೂದಲೊಂದನ್ನು ಕಿತ್ತು ಅಲಗಿನ ಮೇಲೆ ಬಿಟ್ಟೆ. ಮುಟ್ಟಿದ್ದೇ ತಡ, ಸದ್ದಿಲ್ಲದೆ ಎರಡಾಗಿ ಬಿತ್ತು. ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ.

ಬಿಸಿನೀರು, ಸೋಪು, ಕನ್ನಡಿ ಜೋಡಿಸಿ ಅವರನ್ನು ಕರೆದೆ. ಕತ್ತಿ ನೋಡಿದರು. ಅವರು ಬಾಯಿ ಬಿಟ್ಟದ್ದು ಗಡ್ಡದೊಳಗೂ ಕಂಡಿತು. “ಕೊಡು” ಎಂದು ಕೈ ಚಾಚಿದರು.

ನಾನು ಅದನ್ನು ಬಚ್ಚಲಿನ ಕಟ್ಟೆಯ ಮೇಲಿಟ್ಟೆ. “ತಗೊಳ್ಳಿ. ಕೈಗೆ ಕೊಡೋ ಪದ್ಧತಿ ನಮ್ಮ ಕಡೆ ಇಲ್ಲ.”

“ಯಾವ ಕಡೆ?”

“ಮೊದಲು ಬೋಳಿಸಿಕೊಳ್ಳಿ.”

ಹಳೆಯ ಕೈ ಮರೆತಿರಲಿಲ್ಲ. ಸರ್, ಸರ್ ಎಂಬ ಆ ಸದ್ದನ್ನು ಬಾಗಿಲಿಗೆ ಒರಗಿಕೊಂಡು ಕೇಳಿದೆ. ಬಿಳಿ ಪೊದೆ ನೊರೆಯೊಂದಿಗೆ ಜಾರಿ ನೀರಿಗೆ ಬಿತ್ತು. ಒಂದು ಗೀರಿಲ್ಲ, ಒಂದು ಹನಿ ರಕ್ತವಿಲ್ಲ. ಮುಖ ತೊಳೆದು, ಕನ್ನಡಕವಿಲ್ಲದ ಕಣ್ಣಿಗೆ ಕನ್ನಡಿಯಲ್ಲಿ ಏನೂ ಕಾಣದೆ, ಬೆರಳಿನಿಂದ ಗದ್ದ ತಡವುತ್ತಾ ನನ್ನ ಕಡೆ ತಿರುಗಿದರು. ಸುತ್ತ ಸುಕ್ಕು ಬಂದಿದೆ, ಚರ್ಮ ಸಡಿಲಾಗಿದೆ.

“ಇದೆಯೇನೇ ಇನ್ನೂ?” ಎಂದರು.

ಅಂದು ಸಂಜೆ ನೀಲಾಳ ಮೂಲಕ ರಾಮದುರ್ಗಕ್ಕೆ ಹೇಳಿ ಕಳಿಸಿದ್ದೂ ಅದನ್ನೇ, ಆಗ ಅವರಿಗೆ ಹೇಳಿದ್ದೂ ಅದನ್ನೇ.

“ಐತ್ರಿ” ಎಂದೆ.